ಅಕ್ಕನಿಗಾಗಿ ಮಾಡಿದ ಕಾಗದದ ದೀಪಗಳು

ಬಿಸಿಯೇರಿದ ಕಾಗದಕ್ಕೊಂದು ವಾಸನೆ ಇರುತ್ತದೆ. ಇನ್ನೇನು ಕಂದಬೇಕು, ಆದರೆ ಇನ್ನೂ ಕಂದಿಲ್ಲ ಎನ್ನುವ ಹೊತ್ತಿನ ವಾಸನೆ. ಅದಕ್ಕೆ ಮೈದಾ ಅಂಟಿನ ಹುಳಿ ಸೇರಿಬಿಟ್ಟರೆ ನನಗೆ ಅಲ್ಲಿ ಕೂರಲಾಗುವುದಿಲ್ಲ. ಹೋದ ತಿಂಗಳು ವಿಜಯನಗರ ಬಡಾವಣೆಯಲ್ಲಿರುವ ಮೊಮ್ಮಗಳ ಮನೆಗೆ ಹೋಗಿದ್ದಾಗ ಹಾಗೇ ಆಯಿತು. ಹುಡುಗಿ ಹಿತ್ತಿಲಿಗೆ ತಾನೇ ದೀಪದ ಅಲಂಕಾರ ಮಾಡಿದ್ದಳು. ಖಾಲಿ ಬಾಟಲಿ, ಹಳೇ ಡಬ್ಬ, ಸೀರಿಯಲ್ ಸೆಟ್ಟಿನ ಬಲ್ಬು, ಅದರ ಮೇಲೆ ಕೆಂಪು ಕಾಗದ. "ತುಂಬಾ ಸುಲಭ ಅಜ್ಜಿ, ಅರ್ಧ ಗಂಟೆ ಸಾಕು. ಹೇಗಿದೆ ಹೇಳಿ" ಎಂದಳು. ಚೆನ್ನಾಗಿದೆ ಎಂದೆ. ಚೆನ್ನಾಗಿಯೇ ಇತ್ತು. ಆ ಬೆಳಕು ಅವಳ ಕೆನ್ನೆಯ ಮೇಲೆ ಬಿದ್ದದ್ದೇ ನಾನು ಕುರ್ಚಿಯಿಂದೆದ್ದು ಒಳಗೆ ಹೋದೆ. ಸೊಳ್ಳೆ ಕಾಟ ಎಂದು ಸುಳ್ಳು ಹೇಳಿದೆ. ಸುಲಭ ಎನ್ನುವುದೇನೋ ನಿಜ. ಹದಿನಾರನೇ ವಯಸ್ಸಿನಲ್ಲಿ ನನಗೂ ಅದು ಸುಲಭವಾಗಿಯೇ ಇತ್ತು.

ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿದ್ದಿರಬೇಕು. ಕೆಸರೆಗೆ ಹೋಗುವ ದಾರಿಗೆ ಹತ್ತಿರದಲ್ಲಿ ನಮ್ಮದೊಂದು ಹೆಂಚಿನ ಮನೆ. ಮನೆ ಚಿಕ್ಕದು, ಹಿತ್ತಿಲು ದೊಡ್ಡದು. ಹಿತ್ತಿಲಲ್ಲಿ ಒಂದು ಬಾವಿ, ಬಟ್ಟೆ ಒಗೆಯುವ ಕಲ್ಲು, ನಾಲ್ಕು ಬಾಳೆ, ಒಂದು ಬಿಲ್ವದ ಗಿಡ. ಅಪ್ಪನದು ಊದಿನಕಡ್ಡಿಯ ಕಸುಬು. ಇದ್ದಿಲ ಪುಡಿ, ಹಾಲುಮಡ್ಡಿ ಮರದ ಅಂಟು, ಗಂಧದ ಹೊಟ್ಟು ಕಲಸಿದ ಕರಿ ಹಿಟ್ಟನ್ನು ಬಿದಿರಿನ ಕಡ್ಡಿಗೆ ಹೊಸೆಯುವುದು ಹೆಂಗಸರ ಕೆಲಸ. ಒಣಗಿಸಿ, ಬಣ್ಣದ ಕಾಗದದಲ್ಲಿ ಕಟ್ಟಿ ಪೇಟೆಗೆ ಕೊಡುವುದು ಅಪ್ಪನ ಕೆಲಸ. ಹಾಗಾಗಿ ನಮ್ಮ ಮನೆಯಲ್ಲಿ ಅನ್ನಕ್ಕೆ ಬರವಿದ್ದ ದಿನವೂ ಬಿದಿರ ಸೀಳಿಗೆ, ಅಂಟಿಗೆ, ಕೆಂಪು ಹಳದಿ ಕಾಗದಕ್ಕೆ ಬರವಿರಲಿಲ್ಲ. ಕೈಗೆ ಸಿಕ್ಕಿದ್ದರಲ್ಲಿ ಏನಾದರೂ ಮಾಡುವ ಹುಚ್ಚು ನನಗೆ. ಬೊಂಬೆ, ಬುಟ್ಟಿ, ಬೀಸಣಿಗೆ. ಕೈಚಳಕವಿದೆ ಎಂದು ಯಾರಾದರೂ ಹೊಗಳಿದರೆ ಎರಡು ದಿನ ನೆಲದ ಮೇಲೆ ಕಾಲು ನಿಲ್ಲುತ್ತಿರಲಿಲ್ಲ.

ಅಕ್ಕನ ಹೆಸರು ಸರ್ವಮಂಗಳ. ನಮ್ಮ ಬಾಯಲ್ಲಿ ಮಂಗಳಕ್ಕ. ನನಗಿಂತ ಆರು ವರ್ಷ ದೊಡ್ಡವಳು. ಅವಳಷ್ಟು ಬೇಗ, ಅಷ್ಟು ಸಮನಾಗಿ ಕಡ್ಡಿ ಹೊಸೆಯುವವರು ನಮ್ಮ ಬೀದಿಯಲ್ಲಿ ಇನ್ನೊಬ್ಬರಿರಲಿಲ್ಲ. ಅವಳಿಗೆ ಹನ್ನೆರಡು ತುಂಬುವಾಗ ಎಡಗಿವಿಯ ಕೆಳಗೊಂದು ಬಿಳಿ ಚುಕ್ಕೆ ಕಾಣಿಸಿತು. ಚಿಬ್ಬು ಎಂದುಕೊಂಡು ಅವ್ವ ಯಾವ ಯಾವುದೋ ಸೊಪ್ಪು ಅರೆದು ಹಚ್ಚಿದಳು. ಚುಕ್ಕೆ ದವಡೆಗಿಳಿಯಿತು, ಕುತ್ತಿಗೆಗೆ ಹರಿಯಿತು, ಇಪ್ಪತ್ತೆರಡರ ಹೊತ್ತಿಗೆ ಅಂಗೈ ಅಗಲವಾಯಿತು. ತೊನ್ನು. ಆ ಮಾತನ್ನು ಮನೆಯಲ್ಲಿ ಯಾರೂ ಆಡುತ್ತಿರಲಿಲ್ಲ, 'ಅದು' ಎನ್ನುತ್ತಿದ್ದೆವು. ಅದು ಅಂಟುವುದಿಲ್ಲ, ನೋಯುವುದಿಲ್ಲ, ಯಾರ ಪಾಪದ ಫಲವೂ ಅಲ್ಲ ಎಂದು ಈಗ ಎಲ್ಲರೂ ಹೇಳುತ್ತಾರೆ. ಆಗ ಹೇಳುವವರಿರಲಿಲ್ಲ, ಇದ್ದಿದ್ದರೂ ಕೇಳುವವರಿರಲಿಲ್ಲ.

ಮೂರು ಕಡೆಯವರು ಹಗಲು ಹೊತ್ತಿನಲ್ಲಿ ಬಂದು ಅವಳನ್ನು ನೋಡಿದ್ದರು. ಮೂವರೂ ಉಪ್ಪಿಟ್ಟು ತಿಂದು, ಊರಿಗೆ ಹೋಗಿ ಕಾಗದ ಹಾಕುತ್ತೇವೆ ಎಂದು ಹೋದವರು ಹಾಕಲಿಲ್ಲ. ಅವಳ ಮದುವೆಯಾಗದೆ ನನ್ನದಾಗುವಂತಿರಲಿಲ್ಲ. ಆ ವರ್ಷ ದಸರೆ ಕಳೆದ ಮೇಲೆ ನಂಜನಗೂಡಿನ ಕಡೆಯ ಒಬ್ಬ ಮೇಷ್ಟ್ರ ಸಂಬಂಧ ಬಂತು. ಚೆನ್ನಮ್ಮತ್ತೆ, ಎಂದರೆ ಅಪ್ಪನ ಅಕ್ಕ, ಎರಡು ಬೀದಿ ಆಚೆ ಇದ್ದವಳು, ಬಂದು ಜಗಲಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು.

"ಹಗಲೊತ್ತು ಬ್ಯಾಡ ಕಣಪ್ಪ. ಆ ಪಡಸಾಲೆ ಬಲ್ಬಿನ ಕೆಳಗಂತೂ ಬ್ಯಾಡವೇ ಬ್ಯಾಡ, ಎಲ್ಲಾ ಎತ್ತಿ ತೋರ್ಸುತ್ತೆ ಅದು. ಕಾರ್ತಿಕ ಸೋಮ್ವಾರ ಸಂಜೆ ಬರಾಕೆ ಹೇಳ್ಕಳ್ಸು. ಬಿಲ್ವದ ಗಿಡದ ತಾವ ದೀಪ ಹಚ್ಚೋದು ಎಂಗೂ ಐತಲ್ಲ. ಪೂಜೆಗೆ ಬಂದಂಗೂ ಆಯ್ತು, ಹೆಣ್ಣು ನೋಡ್ದಂಗೂ ಆಯ್ತು."

ಅವ್ವ ಸೆರಗಿನ ತುದಿ ಹಿಂಡುತ್ತ, "ಮೋಸ ಆಗಲ್ವಾ?" ಎಂದಳು.

ಅಪ್ಪ ಕಡ್ಡಿಯ ಕಟ್ಟಿಗೆ ಕಾಗದ ಸುತ್ತುತ್ತಲೇ ಹೇಳಿದ. "ಸುಳ್ಳೇನೂ ಹೇಳ್ತಿಲ್ವಲ್ಲ. ದೀಪ ಹಚ್ತಾ ಇದೀವಿ, ಅಷ್ಟೇಯ."

ಆ ಮಾತಿನಲ್ಲಿ ಅಪ್ಪನಿಗೆ ನೆಮ್ಮದಿ ಸಿಕ್ಕಿತೋ ಇಲ್ಲವೋ, ಕೆಲಸ ನನ್ನ ಪಾಲಿಗೆ ಬಂತು. ನನಗೆ ಹಬ್ಬ. ನಿಜ ಹೇಳುತ್ತೇನೆ, ಅಕ್ಕನ ಮದುವೆಗಿಂತ ಹಿತ್ತಿಲ ತುಂಬ ದೀಪ ಮಾಡುವ ಸಡಗರವೇ ನನಗೆ ಹೆಚ್ಚಾಗಿತ್ತು. ನಾಲ್ಕು ಬಿದಿರ ಸೀಳನ್ನು ನೂಲಿನಿಂದ ಬಿಗಿದು ಚೌಕ ಮಾಡಿದೆ. ಕೆಳಗೆ ತೆಂಗಿನ ಕರಟ, ಅದರಲ್ಲಿ ಒಂದು ಹಿಡಿ ಮರಳು, ಮರಳಿನ ಮೇಲೆ ಹಣತೆ. ಸುತ್ತ ಕಾಗದ. ಬರೀ ಕಾಗದದಲ್ಲಿ ಬೆಳಕು ಮಂಕಾಗುತ್ತದೆ. ಅದಕ್ಕೆ ತೆಳ್ಳಗೆ ಎಣ್ಣೆ ಸವರಿ ಒಣಗಿಸಿದರೆ ಬೆಳಕು ಸಲೀಸಾಗಿ ಹಾಯುತ್ತದೆ. ಇದನ್ನು ಯಾರೂ ನನಗೆ ಕಲಿಸಿರಲಿಲ್ಲ, ಬೋಂಡ ಕಟ್ಟಿಕೊಂಡು ಬಂದ ಕಾಗದ ನೋಡಿ ಕಲಿತದ್ದು. ಬಾಳೆದಿಂಡನ್ನು ಉದ್ದಕ್ಕೆ ಸೀಳಿ ನೆಲದ ಮೇಲೆ ಮಲಗಿಸಿ ಅದರಲ್ಲೂ ಹಣತೆ ಕೂರಿಸಲು ಗುಳಿ ಮಾಡಿದೆ.

ಯಾವ ಬಣ್ಣ ಎನ್ನುವುದೇ ಪ್ರಶ್ನೆ. ಮೂರು ಸಂಜೆ ಅಕ್ಕನನ್ನು ಒಗೆಯುವ ಕಲ್ಲಿನ ಮೇಲೆ ಕೂರಿಸಿ, ಒಂದೊಂದೇ ದೀಪವನ್ನು ಅವಳ ಎಡಗೆನ್ನೆಯ ಹತ್ತಿರ ಹಿಡಿದು ನೋಡಿದೆ. ಹಸಿರು ಕಾಗದದಲ್ಲಿ ಅದು ಸುಣ್ಣ ಬಳಿದ ಹಾಗೆ ಎದ್ದು ಕಂಡಿತು. ನೀಲಿಯಲ್ಲಿ ಇನ್ನೂ ಕಡೆ. ಹಳದಿಯಲ್ಲಿ ಅಂಚು ಮಾತ್ರ ಉಳಿಯಿತು. ಕೊನೆಗೆ ಹಳದಿಯ ಮೇಲೆ ಕೆಂಪು ಸೇರಿಸಿ ಹಿಡಿದೆ. ಅಕ್ಕನ ಮುಖ ಪೂರ್ತಿ ಒಂದೇ ಬಣ್ಣವಾಯಿತು. ಎಲ್ಲಿ ಚರ್ಮ, ಎಲ್ಲಿ ಅದು ಎಂದು ಹುಡುಕಿದರೂ ಗೊತ್ತಾಗಲಿಲ್ಲ.

ನಾನು ಕುಣಿದಾಡಿದೆ. "ಅಕ್ಕಾ, ಹೊಂಟೋಯ್ತು!"

"ಎಲ್ಲಿಗೇ?" ಎಂದಳು ಅಕ್ಕ. ನಗುತ್ತಿರಲಿಲ್ಲ.

ಸೋಮವಾರ ಬೆಳಿಗ್ಗೆ ಇಬ್ಬರೂ ಹಲಗೆ ಮುಂದಿಟ್ಟುಕೊಂಡು ಕಡ್ಡಿ ಹೊಸೆಯುತ್ತಿದ್ದೆವು. ಅವ್ವ ಒಳಗೆ ಗಸಗಸೆ ಅರೆಯುತ್ತಿದ್ದಳು. ಅಕ್ಕ ತಲೆ ಎತ್ತದೆಯೇ ಮೆಲ್ಲಗೆ ಹೇಳಿದಳು.

"ಗಂಗೂ, ನಾ ಕೂರೋ ಮಣೆ ಪಕ್ಕ, ಎಡಗಡೆ ಒಂದು ದೀಪ ನೇತಾಕ್ತೀಯಲ್ಲ, ಅದಕ್ಕೆ ಕಾಗದ ಅಂಟಿಸ್ಬೇಡ. ಬರೀ ದೀಪ ಇರ್ಲಿ."

"ಯಾಕೆ? ಕಾಣುತ್ತೆ ಕಣಕ್ಕ."

"ಕಾಣ್ಲಿ ಅಂತಲೇ ಹೇಳ್ತಿರೋದು. ನೋಡಿ ಬ್ಯಾಡ ಅಂದ್ರೆ ಹೋಗ್ಲಿ ಬುಡು, ನಂಗೇನು ಹೊಸದಾ? ಆದ್ಮೇಲೆ ಗೊತ್ತಾದ್ರೆ ನನ್ನ ಗತಿ ಏನೇ?"

"ಅವ್ವ ಬೈತಾಳೆ."

"ಅವ್ವಂಗೆ ಹೇಳ್ಬೇಡ. ಲಿಂಗ ಮುಟ್ಟಿ ಮಾತು ಕೊಡು."

ಕೈಯೆಲ್ಲ ಇದ್ದಿಲು. ಸೆರಗಿಗೆ ಒರೆಸಿಕೊಂಡು, ಕೊರಳಲ್ಲಿದ್ದ ಲಿಂಗ ಮುಟ್ಟಿ ಮಾತು ಕೊಟ್ಟೆ. ಕೊಡುವಾಗ ನಡೆಸಬೇಕೆಂದೇ ಇದ್ದೆ.

ಸಂಜೆ ಐದೂವರೆಗೆ ದೀಪಗಳನ್ನು ಕಟ್ಟಲು ಶುರುಮಾಡಿದೆ. ಬಿಲ್ವದ ಗಿಡದಿಂದ ಬಾವಿಯ ಕಂಬಕ್ಕೆ ಹಗ್ಗ ಎಳೆದು ಒಂದೇ ಎತ್ತರಕ್ಕೆ ಇಪ್ಪತ್ತೊಂದು ದೀಪ. ಕತ್ತಲು ಇಳಿಯುವ ಹೊತ್ತಿಗೆ ಎಲ್ಲಕ್ಕೂ ಹಚ್ಚಿ ಹಿಂದೆ ಸರಿದು ನೋಡಿದೆ. ನನ್ನ ಕೈಯಲ್ಲೇ ಮಾಡಿದ್ದೆಂದು ನನಗೇ ನಂಬಿಕೆ ಬರಲಿಲ್ಲ. ಪಾಚಿ ಕಟ್ಟಿದ ಬಾವಿಕಟ್ಟೆ, ಹರಕು ಬೇಲಿ, ಇದ್ದಿಲ ಮೂಟೆ, ಎಲ್ಲ ಕೆಂಪು ಹೊನ್ನಿನಲ್ಲಿ ಮುಳುಗಿತ್ತು. ನಡುವೆ, ಅಕ್ಕನ ಮಣೆಯ ಎಡಕ್ಕೆ ಆ ಒಂದು ಬರೀ ದೀಪ. ಹಲ್ಲು ಉದುರಿದ ಬಾಯಿಯ ಹಾಗೆ ಇಡೀ ಸಾಲನ್ನು ಅದೊಂದೇ ಕೆಡಿಸಿತ್ತು. ನಾನು ಅತ್ತ ಹೋಗಿ ನೋಡಿದೆ, ಇತ್ತ ಬಂದು ನೋಡಿದೆ. ಹೊರಗೆ ಜಟಕಾ ನಿಂತ ಸದ್ದಾಯಿತು. ಮಿಕ್ಕಿದ್ದ ಒಂದು ತುಂಡು ಕಾಗದವನ್ನು ತೆಗೆದು ಆ ದೀಪಕ್ಕೂ ಸುತ್ತಿಬಿಟ್ಟೆ.

ಗಾಳಿಗೆ ಆರುತ್ತದೆ ಎಂದು ಸುತ್ತಿದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅಕ್ಕನ ಒಳ್ಳೆಯದಕ್ಕೆ ಎಂದೂ ಹೇಳಿಕೊಂಡಿದ್ದೇನೆ. ಎರಡೂ ಸುಳ್ಳು. ಸಾಲು ಕೆಡಬಾರದಿತ್ತು, ಅಷ್ಟೆ.

ಮೇಷ್ಟ್ರು, ಅವರ ತಾಯಿ, ಒಬ್ಬ ಸೋದರಮಾವ, ಮೂರೇ ಜನ ಬಂದಿದ್ದರು. ಮೇಷ್ಟ್ರು ಬಡಕಲು ಮನುಷ್ಯ, ಮಾತು ಕಡಿಮೆ. ಹಿತ್ತಿಲ ಬಾಗಿಲು ದಾಟಿದವರೇ ಆ ತಾಯಿ ಬೆರಗಾಗಿ ನಿಂತರು. "ಏನವ್ವಾ ಇದು, ಕೈಲಾಸ ಕೈಲಾಸ ಕಂಡಂಗೈತೆ! ಯಾರು ಮಾಡಿದ್ದು ಇದ?"

ನನ್ನ ಎದೆ ಉಬ್ಬಿತು. ಬಾಯಿ ತೆರೆಯುವಷ್ಟರಲ್ಲಿ ಚೆನ್ನಮ್ಮತ್ತೆ, "ಇನ್ಯಾರು, ನಮ್ಮ ಮಂಗ್ಳಾನೇಯ. ಅಷ್ಟೂ ಅವಳೇ ಕೈಯಾರೆ ಮಾಡವ್ಳೆ" ಎಂದುಬಿಟ್ಟಳು.

ಹೆಣ್ಣು ನೋಡಲು ಬಂದಾಗ ಇದು ಇದ್ದದ್ದೇ. ಪಕ್ಕದ ಮನೆಯವರು ಮಾಡಿಕೊಟ್ಟ ಚಕ್ಕುಲಿಯಾಗಲಿ, ಅಜ್ಜಿ ಹೊಲಿದ ಕೌದಿಯಾಗಲಿ, ಆ ದಿನ ಎಲ್ಲವೂ ಹುಡುಗಿಯದೇ ಕೈಕೆಲಸ. ಯಾರೂ ತಪ್ಪು ಎಣಿಸುವುದಿಲ್ಲ. ನನಗೆ ಮಾತ್ರ ಉರಿದುಹೋಯಿತು. ಅಕ್ಕನನ್ನು ಕರೆತಂದು ಮಣೆಯ ಮೇಲೆ ಕೂರಿಸಿದಾಗ ಅವಳ ಮುಖ ನೋಡುವ ಬದಲು ನಾನು ಮುನಿಸಿಕೊಂಡು ಬಾವಿಕಟ್ಟೆಯ ಹಿಂದೆ ಹೋಗಿ ನಿಂತಿದ್ದೆ. ಅಲ್ಲಿಂದ ಕಂಡದ್ದಿಷ್ಟು: ಅಕ್ಕ ತಲೆ ತಗ್ಗಿಸಿ ಕೂತಿದ್ದಳು, ಮೇಷ್ಟ್ರು ಕಣ್ಣು ಕೀಳದೆ ಅವಳನ್ನೇ ನೋಡುತ್ತಿದ್ದರು. ಪೂಜೆಯಾಯಿತು, ಪಾಯಸವಾಯಿತು. ಹೊರಡುವ ಮುಂಚೆಯೇ ಆ ತಾಯಿ ಒಪ್ಪಿಗೆ ಎಂದು ಅವ್ವನ ಕೈ ಹಿಡಿದರು. ಅವ್ವ ಅತ್ತಳು.

ಮಾಘದಲ್ಲಿ ಮದುವೆ. ಅರಿಶಿನವನ್ನು ಕೆನ್ನೆಗೆ, ಕುತ್ತಿಗೆಗೆ ಗೋಡೆಗೆ ಬಳಿದ ಹಾಗೆ ಬಳಿದಿದ್ದರು. ಮೇಲೆ ಬಾಸಿಂಗ, ಹೂವು, ಸೆರಗು. ಅದೂ ದಾಟಿತು. ಅಕ್ಕ ಗಂಡನ ಮನೆಗೆ ಹೋದಳು. ಮೊದಲ ದಿನಗಳಲ್ಲಿ ಅವ್ವ ಸಣ್ಣ ಸದ್ದಾದರೂ ಬಾಗಿಲ ಕಡೆ ನೋಡುತ್ತಿದ್ದಳು. ಒಂದು ವಾರ ಕಳೆದ ಮೇಲೆ ನೋಡುವುದನ್ನು ಬಿಟ್ಟು, ನನ್ನ ಮದುವೆಯ ಮಾತು ತೆಗೆದಳು.

ಹತ್ತನೆಯ ದಿನ ಮೇಷ್ಟ್ರೇ ಅಕ್ಕನನ್ನು ಕರೆದುಕೊಂಡು ಬಂದರು. ಕೈಯಲ್ಲಿ ಅವಳ ಟ್ರಂಕು. ನಡೆದದ್ದನ್ನು ಆಮೇಲೆ ಅಕ್ಕನಿಂದ ಕೇಳಿದೆ. ಅವ್ವ ಹೇಳಿಕೊಟ್ಟಂತೆ ಅಷ್ಟು ದಿನವೂ ದಪ್ಪಗೆ ಅರಿಶಿನ ಹಚ್ಚಿಕೊಂಡು, ಸೆರಗು ಹೊದ್ದೇ ಇದ್ದಳಂತೆ. ಆ ಅತ್ತೆ ಒಳ್ಳೆಯ ಹೆಂಗಸೇ. ಸೊಸೆಗೆ ಎಣ್ಣೆ ನೀರು ಹಾಕಿಸಿ, ಬೆಳಗಿನ ಬಿಸಿಲಲ್ಲಿ ಕೂರಿಸಿಕೊಂಡು, ತಾನೇ ತಲೆ ಬಾಚಿ ಮಲ್ಲಿಗೆ ಮುಡಿಸಬೇಕೆಂದು ಪ್ರೀತಿಯಿಂದ ಕೂದಲನ್ನು ಎತ್ತಿ ಹಿಡಿದರಂತೆ. ಹಾಗೇ ಹಿಡಿದುಕೊಂಡು ಮಗನನ್ನು ಕೂಗಿದರಂತೆ.

ಅಪ್ಪ ಜಗಲಿಯಲ್ಲಿ ಕೈಮುಗಿದು ನಿಂತಿದ್ದ. ಮೇಷ್ಟ್ರು ಕೂರಲಿಲ್ಲ. ಕೂಗಾಡಲೂ ಇಲ್ಲ, ಪಾಠ ಹೇಳುವ ದನಿಯಲ್ಲೇ ಮಾತಾಡಿದರು.

"ನೋಡಿ, ತೊನ್ನು ಯಾರಿಗೆ ಬೇಕಾದರೂ ಬರುತ್ತೆ. ಅದು ಆಕೆ ತಪ್ಪಲ್ಲ. ಆದರೆ ಅವತ್ತಿನ ದೀಪ ಎಲ್ಲಾ ಇವಳೇ ಕೈಯಾರೆ ಮಾಡಿದ್ದು ಅಂತ ನೀವೇ ಹೇಳಿದಿರಿ. ಯಾವ ಬಣ್ಣದಲ್ಲಿ ಕಾಣಲ್ಲ ಅಂತ ನೋಡಿಕೊಂಡು, ಕೂತು ಕಾಗದ ಅಂಟಿಸಿ ನಮ್ಮ ಕಣ್ಣಿಗೆ ಮಣ್ಣೆರಚಿದ್ದಾಳೆ. ಇಂಥ ಹೆಂಗಸಿನ ಜೊತೆ ನಾನು ಹೇಗೆ ಬಾಳಲಿ, ನೀವೇ ಹೇಳಿ?"

ಹಗಲಲ್ಲಿ ತೋರಿಸಿದ್ದರೆ ಅವರು ಒಪ್ಪುತ್ತಿದ್ದರು ಎಂದು ನಾನು ಇವತ್ತಿಗೂ ನಂಬುವುದಿಲ್ಲ. ದೊಡ್ಡ ಮಾತಾಡಲು ಆಮೇಲೆ ಎಲ್ಲರಿಗೂ ಬರುತ್ತದೆ. ಆದರೆ ಅವರು ಆಡಿದ್ದು ಆ ಮಾತು, ಹೊರಿಸಿದ್ದು ಆ ತಪ್ಪು. ಚೆನ್ನಮ್ಮತ್ತೆ ಗೋಡೆ ನೋಡುತ್ತಿದ್ದಳು. ನಾನು ಬಾಗಿಲ ಹಿಂದೆ ಇದ್ದೆ. ದೀಪ ಮಾಡಿದ್ದು ನಾನು, ಬಣ್ಣ ಹುಡುಕಿದ್ದು ನಾನು, ಅವಳು ಒಂದಾದರೂ ಬರೀ ದೀಪ ಇಡು ಎಂದು ಬೇಡಿಕೊಂಡಿದ್ದಳು: ಮೂರು ಮಾತು. ಹೇಳಿದರೆ ಊರೆಲ್ಲ ನನ್ನನ್ನು ಏನನ್ನಬಹುದು, ನನಗೆ ಯಾರು ಸಿಕ್ಕಾರು ಎಂಬ ಲೆಕ್ಕ ಆ ಗಳಿಗೆಯಲ್ಲೂ ತಲೆಯಲ್ಲಿ ಓಡುತ್ತಿತ್ತು. ಅಕ್ಕನೂ ಹೇಳಲಿಲ್ಲ. ಅಂಗಳದಲ್ಲಿ ಟ್ರಂಕಿನ ಪಕ್ಕ ನಿಂತಿದ್ದವಳು ಒಮ್ಮೆ ಬಾಗಿಲ ಕಡೆ ನೋಡಿದಳು, ಮತ್ತೆ ನೆಲ ನೋಡಿದಳು. ಮೇಷ್ಟ್ರು ಹೊರಟುಹೋದರು. ಅಪ್ಪ ಮುಗಿದ ಕೈಯನ್ನು ಎಷ್ಟೋ ಹೊತ್ತು ಇಳಿಸಲಿಲ್ಲ.

ಮಾರನೆಯ ದಿನದಿಂದ ಅಕ್ಕ ಮತ್ತೆ ಹಲಗೆಯ ಮುಂದೆ ಕೂತಳು. ಆ ಬೇಸಿಗೆ ಭಾರಿ ಬಿಸಿಲು. ಮಧ್ಯಾಹ್ನಕ್ಕೆ ಚಾಮುಂಡಿ ಬೆಟ್ಟವೂ ಹೊಗೆಯ ಹಿಂದೆ ಇದ್ದಂತೆ ಮಸುಕಾಗಿರುತ್ತಿತ್ತು. ಕಡ್ಡಿಗಳು ಒಂದೇ ದಿನಕ್ಕೆ ಒಣಗುತ್ತಿದ್ದವು. ನಮ್ಮ ಬಾವಿಗೆ ನೀರಿಗೆಂದು ಬರುತ್ತಿದ್ದ ಹೆಂಗಸರು ಬೇರೆ ಬಾವಿ ಹುಡುಕಿಕೊಂಡರು. ಅಪ್ಪ ಮಾತು ನಿಲ್ಲಿಸಿದ. ಅವ್ವ ಮಾತ್ರ ಅದನ್ನೂ ಇದನ್ನೂ ಅರೆಯುವುದನ್ನು ನಿಲ್ಲಿಸಲಿಲ್ಲ. ಅರೆದದ್ದನ್ನು ಅಕ್ಕ ಹಚ್ಚಿಸಿಕೊಳ್ಳುತ್ತಿದ್ದಳು, ಬೇಡ ಎನ್ನುತ್ತಿರಲಿಲ್ಲ. ನನ್ನ ಕೈಕೆಲಸದ ಹುಚ್ಚು ಅಲ್ಲಿಗೆ ಇಳಿಯಿತು. ಉಳಿದಿದ್ದ ಬಣ್ಣದ ಕಾಗದವನ್ನು ಕಣ್ಣಿಗೆ ಬೀಳದಂತೆ ಮೂಟೆಗಳ ಹಿಂದೆ ತುರುಕಿದೆ, ಆದರೂ ಪೊಟ್ಟಣ ಕಟ್ಟಲು ಅದೇ ಬೇಕಿತ್ತು.

ವೈಶಾಖದಲ್ಲಿ ಕೆಸರೆಯಿಂದ ಒಂದು ಸಂಬಂಧ ಬಂತು. ಹುಡುಗ ಮಂಡಿಯಲ್ಲಿ ತೂಕದ ಕೆಲಸಕ್ಕಿದ್ದ. ಹತ್ತಿರದವರಾದ್ದರಿಂದ ನಮ್ಮ ಕಥೆ ಪೂರ್ತಿ ಗೊತ್ತಿತ್ತು. ಹುಡುಗನ ತಾಯಿ ಮೊದಲೇ ಹೇಳಿ ಕಳಿಸಿದ್ದಳು. "ನಮಗೆ ದೀಪ ಗೀಪ ಬ್ಯಾಡ ಕಣವ್ವ. ಮಟಮಟ ಮಧ್ಯಾಹ್ನ ಬತ್ತೀವಿ. ಹೆಣ್ಣ ಹಿತ್ತಿಲಲ್ಲೇ ನಿಲ್ಸಿ."

ನಿಲ್ಲಿಸಿದರು. ಕಾಲು ಸುಡುವ ಬಿಸಿಲಲ್ಲಿ, ಬಿಲ್ವದ ನೆರಳಿಗೂ ಸೇರದ ಹಾಗೆ, ಹಿತ್ತಿಲ ನಡುವೆ. ಆ ತಾಯಿ ನನ್ನ ಗದ್ದ ಹಿಡಿದು ಆ ಕಡೆ ಈ ಕಡೆ ತಿರುಗಿಸಿದಳು. ಜಡೆ ಎತ್ತಿ ಕುತ್ತಿಗೆ ನೋಡಿದಳು, ಉಗುಳು ಹಚ್ಚಿದ ಬೆರಳಿಂದ ಉಜ್ಜಿ ನೋಡಿದಳು. ರವಿಕೆಯ ತೋಳು ಮೇಲೇರಿಸಿದಳು. ಅಂಗಾಲು ತೋರಿಸು ಎಂದಳು, ತೋರಿಸಿದೆ. ಅಷ್ಟು ಹೊತ್ತೂ ಅಕ್ಕನನ್ನು ಇದ್ದಿಲ ಮೂಟೆಯ ಕೋಣೆಯಲ್ಲಿ ಕೂಡಿ ಹೊರಗಿನಿಂದ ಚಿಲಕ ಹಾಕಿದ್ದರು. ಚಿಲಕ ಹಾಕಿದವಳು ಅವ್ವ. ಕೊನೆಗೆ ಆ ತಾಯಿ ಕೈ ಕೊಡವಿಕೊಂಡು, "ಚೊಕ್ಕವಾಗೈತೆ" ಎಂದಳು. ಆ ಮನೆಗೇ ನಾನು ಸೊಸೆಯಾಗಿ ಹೋದೆ, ನಲವತ್ತು ವರ್ಷ ಬಾಳಿದೆ. ಅಕ್ಕ ಕೊನೆಯವರೆಗೂ ತವರಿನಲ್ಲೇ ಉಳಿದಳು. ಅದು ಅವಳ ಮೈಯೆಲ್ಲ ಹರಡಿ, ಕೊನೆಗೆ ಅವಳು ಪೂರ್ತಿ ಬೆಳ್ಳಗಾಗಿ ಹೋಗಿದ್ದಳು. ಈಗ ಇಲ್ಲ.

ನನ್ನನ್ನು ಬಿಸಿಲಲ್ಲಿ ನಿಲ್ಲಿಸಿದ ಆ ದಿನ ಸಂಜೆ, ಬಂದವರೆಲ್ಲ ಹೋದ ಮೇಲೆ, ಅಕ್ಕ ಹಿತ್ತಿಲಲ್ಲಿ ಕೂತು ಉಳಿದ ಹಿಟ್ಟನ್ನು ಹೊಸೆಯುತ್ತಿದ್ದಳು. ನಾನು ಹೋಗಿ ಎದುರಿಗೆ ಕೂತೆ. ಇನ್ನು ಹೇಳದಿದ್ದರೆ ಎದೆ ಒಡೆಯುತ್ತದೆ ಎನಿಸಿತ್ತು.

"ಅಕ್ಕಾ, ಅವತ್ತು ಆ ಬರೀ ದೀಪಕ್ಕೆ ಕಾಗದ ಸುತ್ತಿದ್ದು ಅವ್ವ ಅಲ್ಲ, ಅತ್ತೇನೂ ಅಲ್ಲ. ನಾನು. ಸಾಲು ಕೆಡ್ತಿತ್ತು ಅಂತ."

ಅವಳ ಕೈ ನಿಲ್ಲಲಿಲ್ಲ. ಹಲಗೆಯ ಮೇಲೆ ಕಡ್ಡಿ ಉರುಳುತ್ತಲೇ ಇತ್ತು.

"ಗೊತ್ತು ಕಣೇ. ಕೂತ ತಕ್ಷಣ ನೋಡ್ದೆ."

"ನೋಡಿದ್ಯಾ?"

"ಹ್ಞೂಂ. ಕೈ ಚಾಚಿದ್ರೆ ಸಿಕ್ತಿತ್ತು. ಕಿತ್ತಾಕ್ಬುಡಾನ ಅಂತ್ಲೇ ಇದ್ದೆ." ಹಿಟ್ಟಿನ ಉಂಡೆಯಿಂದ ಒಂದು ಚೂರು ಕಿತ್ತುಕೊಂಡು ಹೇಳಿದಳು. "ಅವ್ರು ನನ್ನೇ ನೋಡ್ತಿದ್ರು ಗಂಗೂ. ನನ್ನ ಮುಖಾನ ಯಾರೂ ಅಂಗೆ ನೋಡಿರ್ಲಿಲ್ಲ. ಇನ್ನೊಂದು ಗಳಿಗೆ ನೋಡ್ಲಿ, ಆಮೇಲೆ ಕೀಳಾನ ಅಂದ್ಕಂಡೆ. ಇನ್ನೊಂದು ಗಳಿಗೆ, ಇನ್ನೊಂದು ಗಳಿಗೆ ಅಂತಿದ್ದಂಗೇ ಅವ್ರು ಎದ್ದು ಹೊಂಟೋಗ್ಬುಟ್ರು."

ಹೊಸೆದ ಕಡ್ಡಿಯನ್ನು ಪಕ್ಕಕ್ಕಿಟ್ಟು, ಇನ್ನೊಂದು ಎತ್ತಿಕೊಂಡಳು.